ಒಲೆಯ ಬೆನ್ನಿಗೆ ಸಂಡಾಸು

೧೯೮೭ರ ನನ್ನ ಡೈರಿಯಲ್ಲಿ ಜೂನ್ ಏಳರ ಭಾನುವಾರದ ಪುಟ ತುಂಬ ಗೀಟುಗಳೇ ಇವೆ. ಡೊಂಬಿವ್ಲಿಯ ಚಾಳಿನಲ್ಲಿ ನಮ್ಮ ಖೋಲಿಯ ಬಾಗಿಲಲ್ಲಿ ಕುಳಿತು, ಅವ್ವ ದಿನವಿಡೀ ಎಲ್ಲಿಂದ ಎಲ್ಲಿಗೆ ಎಷ್ಟು ಸಲ ನಡೆದಳೆಂದು ಎಣಿಸಿದ್ದೆ. ಒಲೆಯಿಂದ ಮೋರಿಗೆ ಅರವತ್ತಮೂರು ಸಲ. ಮೋರಿಯೆಂದರೆ ಅಡುಗೆ ಮಾಡುವ ಜಾಗದ ಮೂಲೆಯಲ್ಲೇ ಕಟ್ಟೆ ಕಟ್ಟಿದ ಬಚ್ಚಲು; ಪಾತ್ರೆ, ಬಟ್ಟೆ, ಸ್ನಾನ ಎಲ್ಲ ಅಲ್ಲೇ. ಸಂಡಾಸು ಹೊರಗೆ, ಗ್ಯಾಲರಿಯ ಕೊನೆಗೆ. ಹದಿನಾರು ಮನೆಗೆ ಮೂರು. ಅವುಗಳ ಒದ್ದೆ ನೆಲ, ತುಕ್ಕು ಹಿಡಿದ ಡಬ್ಬಿಗಳ ಸಾಲು, ನಾತ ಎಲ್ಲ ಈಗಲೂ ನೆನಪಿದೆ. ಗಾಳಿ ತಿರುಗಿದ ದಿನ ಆ ವಾಸನೆ ನೇರ ನಮ್ಮ ಒಲೆಯ ಮುಂದೆ ಬಂದು ನಿಲ್ಲುತ್ತಿತ್ತು. ಅಪ್ಪ ಕಲ್ಯಾಣದಲ್ಲಿ ಫ್ಲ್ಯಾಟ್ ಬುಕ್ ಮಾಡಿದಾಗ ಅವ್ವ ಬೇಡಿದ್ದು ಒಂದೇ: ಆ ನಾತವಿಲ್ಲದೆ ಅಡುಗೆ ಮಾಡಬೇಕು.

ಆ ಕಟ್ಟಡದ ನಕ್ಷೆ ನಮ್ಮ ಆಫೀಸಿನದೇ. ನಾನು ಠಾಣೆಯ ಆರ್ಕಿಟೆಕ್ಟರೊಬ್ಬರಲ್ಲಿ ನಕ್ಷೆ ಎಳೆಯುವ ಡ್ರಾಫ್ಟ್ಸ್‌ಮನ್ ಆಗಿದ್ದೆ. ಅದೇ ವರ್ಷ ಸಾಹೇಬರು ಕಂಪ್ಯೂಟರ್ ತರಿಸಿ, ಏಸಿ ಕೋಣೆಯಲ್ಲಿಟ್ಟು, ಕುಂಕುಮ ಹಚ್ಚಿದರು. ಒಳಗೆ ಹೋಗಲು ಚಪ್ಪಲಿ ಬಿಡಬೇಕಿತ್ತು. ಕೋಣೆಗಳ ಅಳತೆ ಮತ್ತು ಒಂದರಿಂದ ಇನ್ನೊಂದಕ್ಕೆ ಜನ ದಿನಕ್ಕೆಷ್ಟು ಸಲ ಓಡಾಡುತ್ತಾರೆಂಬ ಲೆಕ್ಕ ಕೊಟ್ಟರೆ, ಹೆಚ್ಚು ಓಡಾಟವಿರುವ ಕೋಣೆಗಳನ್ನು ಅದು ಅಕ್ಕಪಕ್ಕ ಕೂರಿಸಿ ನಕ್ಷೆ ಹಾಕುತ್ತಿತ್ತು. ಎಣಿಸುವುದು ನನ್ನ ಚಟವೆಂದು ಲೆಕ್ಕದ ಕೆಲಸ ನನಗೇ ಬಂತು. ಆ ಭಾನುವಾರ ಅವ್ವನ ಓಡಾಟ ಎಣಿಸಿದ್ದು ಅದಕ್ಕೇ.

ತುಂಬಬೇಕಾದ ಫಾರಂನಲ್ಲಿ ಮೋರಿ ಇರಲಿಲ್ಲ. ನೀರಿನ ಜಾಗವೆಂದು ಇದ್ದದ್ದು ಟಾಯ್ಲೆಟ್ ಒಂದೇ. ಅರವತ್ತಮೂರನ್ನು ಅದರೆದುರು ಬರೆದೆ. ಚಾಳಿನಲ್ಲಿ ಬೆಳೆದವನಿಗೆ ಸಂಡಾಸು ಮನೆಯೊಳಗಿನ ವಸ್ತುವೇ ಅಲ್ಲ. ಟಾಯ್ಲೆಟ್ ಎಂದರೆ ಬಚ್ಚಲೆಂದುಕೊಂಡೆ; ತಪ್ಪೆಂದು ಹೊಳೆಯಲೂ ಇಲ್ಲ.

ಎರಡೂ ಅಂಚಿಗೆ ತೂತುಗಳಿದ್ದ ಕಾಗದದ ಮೇಲೆ ನಕ್ಷೆ ಬಂತು. ಅದನ್ನು ನೋಡಿ ನಾನೇ ಇಂಕಿನಲ್ಲಿ ಎಳೆದೆ. ಕೆಲವು ವಾರಗಳ ಬಳಿಕ ಅದರ ಒಂದು ಪ್ರತಿಯನ್ನು ಹೆಮ್ಮೆಯಿಂದ ಮನೆಗೊಯ್ದು ಹಾಸಿದೆ. ಅವ್ವ ಅಡುಗೆಮನೆ ಎಲ್ಲೆಂದು ಕೇಳಿ ಬೆರಳಿಟ್ಟಳು.

"ಇದೇನಿದು, ಒಲಿ ಬೆನ್ನಿಗೆ?"

"ಸಂಡಾಸವ್ವ."

"ಯಾರ್ ಮಾಡ್ಯಾರ ಇದನ್ನ?"

"ಕಂಪ್ಯೂಟರ್."

"ಅದಕ್ಕ ಮೂಗಿಲ್ಲ. ನಿನಗೈತಲ್ಲ?"

ಮತ್ತೆ ನೋಡಿದೆ. ನಡುವೆ ನಾಲ್ಕೂವರೆ ಇಂಚಿನ ಗೋಡೆ. ಸಂಡಾಸಿನ ಬಾಗಿಲು ಒಲೆಯಿಂದ ಎರಡು ಹೆಜ್ಜೆಗೆ. ನನ್ನ ಕೈ ಬಗ್ಗೆ ನನಗೇ ಹೇಸಿಗೆಯಾಯಿತು.

ಮರುದಿನ ಸಾಹೇಬರಿಗೆ ಹೇಳಿದೆ. ಕೈಯಿಂದ ಒಂದು ಗೆರೆ ಸರಿಸಿದರೂ ಮಶೀನಿನ ಹಿಸಾಬು ಕೆಡುತ್ತದೆ ಎಂದರು. ಅಡುಗೆಮನೆ ಎಂದೆ, ನನ್ನ ತಾಯಿ ಎಂದೆ. ಅವರು ನನ್ನದೇ ಫಾರಂ ತೆಗೆದು ಅರವತ್ತಮೂರರ ಮೇಲೆ ಪೆನ್ನು ಕುಟ್ಟಿದರು. "ಆಕಡೇ ತುಝೇಚ್ ನಾ?" ಅಂಕಿ ನಿನ್ನವೇ ತಾನೆ ಎಂದು.

ಮಧ್ಯಾಹ್ನ ಅವರು ಊಟಕ್ಕೆ ಹೋದಾಗ ಚಪ್ಪಲಿ ಬಿಟ್ಟು ಒಳಗೆ ಹೋಗಿ ಕಂಪ್ಯೂಟರಿನಲ್ಲಿದ್ದ ಅರವತ್ತಮೂರನ್ನು ಅಳಿಸಿ ಸೊನ್ನೆ ಹಾಕಿ ಮತ್ತೆ ನಕ್ಷೆ ತೆಗೆಸಿದೆ. ಸಂಡಾಸು ಮುಂಬಾಗಿಲ ಪಕ್ಕಕ್ಕೆ ಹೋಯಿತು. ಹೊಸ ಕಾಗದ ಅವರ ಮೇಜಿನ ಮೇಲಿಟ್ಟೆ. ಯಾಕೆ ಬದಲಾಯಿತೆಂದು ಅವರು ಕೇಳಲಿಲ್ಲ. ಅಂಚಿನ ತೂತುಗಳನ್ನು ಬೆರಳಿನಿಂದ ಸವರಿ, ಮಶೀನಿಗೆ ಸರಿಯಾಗಿ ಕೇಳಿದರೆ ಸರಿಯಾಗಿ ಹೇಳುತ್ತದೆ ಎಂದು ಸಹಿ ಹಾಕಿದರು. ಅಡುಗೆ ಮಾಡುವವಳ ಮಾತಿಗಿಲ್ಲದ ಬೆಲೆ ನನ್ನ ಸುಳ್ಳು ಸೊನ್ನೆಗಿತ್ತು. ಚಾಳಿನ ಸಂಡಾಸಿಗಿಂತ ಆ ಸಹಿ ನನಗೆ ಹೆಚ್ಚು ನಾರಿತು.

ಅಷ್ಟರಲ್ಲಿ ಹಳೆಯ ನಕ್ಷೆಯಲ್ಲೇ ಘಣಸೋಲಿಯ ಇನ್ನೊಂದು ಕಟ್ಟಡಕ್ಕೆ ಪಾಯ ತೆಗೆದಾಗಿತ್ತು. ಅದು ನನಗೆ ಗೊತ್ತಿತ್ತು. ನಮ್ಮದು ಉಳಿಯಿತಲ್ಲ ಎಂದು ಬಾಯಿ ಮುಚ್ಚಿಕೊಂಡೆ.

ಎರಡು ವರ್ಷದ ಮೇಲೆ ಕಲ್ಯಾಣದ ಮನೆಯಲ್ಲಿ ಹಾಲು ಉಕ್ಕಿಸುವಾಗ ಅವ್ವ ಒಲೆಯ ಹಿಂದಿನ ಗೋಡೆ ಮುಟ್ಟಿ ನೋಡಿದಳು. "ಇದರ್ ಹಿಂದ ಏನೈತಿ?" ಗಾಳಿ ಎಂದೆ. ನಕ್ಕಳು. ನಾನು ನಗಲಿಲ್ಲ.

ಮುಂದಿನ ರವಿವಾರ ಘಣಸೋಲಿಗೆ ಹೋಗಿ ಆ ಕಟ್ಟಡದ ಕೆಳಗೆ ನಿಂತೆ. ನಾಲ್ಕು ಮಾಳಿಗೆ, ಮೂವತ್ತೆರಡು ಅಡುಗೆಮನೆ. ಅವುಗಳಲ್ಲಿ ಹನ್ನೊಂದು ಅಡುಗೆಮನೆಗಳ ಕಿಟಕಿಯಲ್ಲಿ ನಾತ ಮುಚ್ಚಲು ಹಾಡಹಗಲೇ ಊದುಬತ್ತಿ ಉರಿಯುತ್ತಿತ್ತು. ಅದನ್ನೂ ಡೈರಿಯಲ್ಲಿ ಬರೆದುಕೊಂಡೆ.