ಮುದ್ದೆಯ ಗಂಟು, ಒಬ್ಬಟ್ಟಿನ ಹೂರಣ

ನಾನು ನಿಂತಿದ್ದದ್ದು ಜೀವಶಾಸ್ತ್ರದ ಪ್ರಯೋಗಾಲಯದಲ್ಲಿ, ಸೂಕ್ಷ್ಮದರ್ಶಕಗಳ ಬೀರುವಿಗೆ ಬೆನ್ನು ಕೊಟ್ಟು. ಎಂಬತ್ತರ ದಶಕ ಆಗತಾನೆ ಶುರುವಾಗಿತ್ತು. ತುಮಕೂರಿನ ನಮ್ಮ ಕಾಲೇಜಿನಲ್ಲಿ ಎರಡನೇ ಪಿಯುಸಿಯ ಪ್ರಾಕ್ಟಿಕಲ್ ಪರೀಕ್ಷೆ, ಮಧ್ಯಾಹ್ನದ ಬ್ಯಾಚು. ನನ್ನ ಜೊತೆ ಅದೇ ವಿಷಯ ಕಲಿಸುತ್ತಿದ್ದ ಹಿರಿಯ ಮೇಷ್ಟ್ರು ನನ್ನೆದುರಿಗೆ ಸಿಂಕಿನ ಪಕ್ಕದಲ್ಲಿದ್ದರು. ಅವರ ಬಲಗೈಯ ಹೆಬ್ಬೆರಳು ತೋರುಬೆರಳಿನ ಮೇಲೆ ಉಜ್ಜಾಡುತ್ತಿತ್ತು, ಹಿಟ್ಟಿನ ಹದ ನೋಡುವವರ ಹಾಗೆ. ಪಾಠ ಮಾಡುವಾಗಲೂ ಅದೇ ಅಭ್ಯಾಸ.

ಅವರು ಗುಬ್ಬಿ ತಾಲ್ಲೂಕಿನ ಕಡಬದವರು. ದಿನಾ ಬಸ್ಸಿನಲ್ಲಿ ಬಂದು ಹೋಗುತ್ತಿದ್ದರು. ನಾನು ಮೈಸೂರಿನಲ್ಲಿ ಓದಿ, ಮೊದಲ ದರ್ಜೆ ತೆಗೆದುಕೊಂಡು, ಎಪ್ಪತ್ತರ ದಶಕದ ಕೊನೆಗೆ ಇಲ್ಲಿ ಸೇರಿದವನು. ಹುಡುಗರಿಗೆ ಅವರು ದೊಡ್ಡ ಮೇಷ್ಟ್ರು, ನಾನು ಚಿಕ್ಕ ಮೇಷ್ಟ್ರು. ನಮ್ಮಿಬ್ಬರ ತರಗತಿಗಳ ನಡುವೆ ಇದ್ದದ್ದು ಒಂದು ಹಲಗೆಯ ಅಡ್ಡಗೋಡೆ. ನಾನು ಜೀವಕೋಶದ ವ್ಯಾಖ್ಯೆ ಬರೆಸುತ್ತಿರುವಾಗ ಆ ಕಡೆಯಿಂದ ಅವರ ದನಿ ಬರುತ್ತಿತ್ತು.

"ಏನ್ರೋ, ನಿಮ್ಮನೆ ರೊಟ್ಟೀಲಿ ಈರುಳ್ಳಿಗೇಂತ ಬೇರೆ ರೂಮೈತೇನ್ರೋ?"

"ಇಲ್ಲಾ ಸಾ!"

"ಒಬ್ಬಟ್ನಲ್ಲಿ ಹೂರಣಕ್ಕೆ?"

"ಐತೆ ಸಾ!"

"ಅಷ್ಟೇ ಕಣ್ರೋ. ರೊಟ್ಟಿ ಪ್ರೋಕ್ಯಾರಿಯೋಟು, ಬ್ಯಾಕ್ಟೀರಿಯಾ ಇದ್ದಂಗೆ. ಒಬ್ಬಟ್ಟು ಯೂಕ್ಯಾರಿಯೋಟು, ನಮ್ ಜೀವಕೋಶ ಇದ್ದಂಗೆ. ಮರೆತ್ರೆ ನಿಮ್ಮವ್ವನ್ ಕೇಳಿ."

ಗೋಡೆಯಾಚೆ ನಗು ಎದ್ದರೆ, ನನ್ನ ಕಡೆಯ ಹುಡುಗರು ಪೆನ್ನು ನಿಲ್ಲಿಸಿ ಆಲಿಸುತ್ತಿದ್ದರು. ನನಗೆ ಹೊಟ್ಟೆ ಉರಿಯುತ್ತಿತ್ತು. ಇದಕ್ಕಿಂತ ಸಭ್ಯವಾದ ಮಾತು ಹುಡುಕಿದ್ದೇನೆ, ಸಿಕ್ಕಿಲ್ಲ.

ಒಂದು ದಿನ ಸ್ಟಾಫ್ ರೂಮಿನಲ್ಲಿ, ಅವರು ಕ್ಯಾರಿಯರ್ ಬಿಚ್ಚಿ ಮುದ್ದೆ ಮುರಿಯುತ್ತಿರುವಾಗ, ಎಲ್ಲರಿಗೂ ಕೇಳುವಂತೆ ಹೇಳಿದೆ. "ಸಾರ್, ನೀವು ತಪ್ಪು ಹೇಳಿಕೊಡ್ತಿದೀರ. ಬ್ಯಾಕ್ಟೀರಿಯಾದಲ್ಲಿ ಡಿಎನ್‌ಎ ಈರುಳ್ಳಿ ಥರ ಚೆಲ್ಲಾಪಿಲ್ಲಿ ಆಗಿರಲ್ಲ. ಒಂದು ಕಡೆ ಸೇರಿರುತ್ತೆ. ಸುತ್ತ ಪೊರೆ ಇರಲ್ಲ, ಅಷ್ಟೇ."

ಅವರು ಕೈಯಲ್ಲಿದ್ದ ತುತ್ತನ್ನು ತಟ್ಟೆಗಿಟ್ಟರು. "ಹೌದಲ್ರೀ," ಎಂದರು. "ಈರುಳ್ಳಿ ಸರಿಹೋಗಲ್ಲ. ನೋಡಣ ಬುಡಿ."

ಮಾರನೆಯ ದಿನ ಗೋಡೆಯಾಚೆ ರೊಟ್ಟಿ ಹೋಗಿ ಮುದ್ದೆ ಬಂದಿತ್ತು. ಸರಿಯಾಗಿ ತೊಳಸದ ಮುದ್ದೆಯಲ್ಲಿ ಹಿಟ್ಟು ಒಂದು ಕಡೆ ಗಂಟು ಕಟ್ಟುತ್ತದೆ. ಆ ಗಂಟಿಗೆ ಸಿಪ್ಪೆಯಿಲ್ಲ, ಬೇರೆ ಕೋಣೆಯಿಲ್ಲ. ನಗು ಮೊದಲಿಗಿಂತ ಜೋರಾಗಿತ್ತು. ಅದರ ಗದ್ದಲದಲ್ಲಿ ಮುಂದಿನ ಮಾತು ನನಗೆ ಕೇಳಿಸಲಿಲ್ಲ. ನನ್ನ ತಿದ್ದುಪಡಿಯನ್ನೂ ಅವರೇ ನುಂಗಿದರು ಎಂದುಕೊಂಡೆ.

ಪರೀಕ್ಷೆಯ ದಿನ ಮೇಜಿನ ಮುಂದೆ ನಿಂತಿದ್ದವಳು ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿ ಕಡೆಯ ಹುಡುಗಿ. ಹಿಂದಿನ ವರ್ಷ ನನ್ನ ತರಗತಿಯಲ್ಲಿದ್ದು ಫೇಲಾಗಿದ್ದಳು. ಈ ವರ್ಷ ಹಟ ಮಾಡಿ ಅವರ ತರಗತಿಗೆ ಹೋಗಿದ್ದಳು. ಈ ಸಲವೂ ಫೇಲಾದರೆ ಓದು ಬಿಡಿಸಿ ಮದುವೆ ಮಾಡುವುದೆಂದು ಅವಳ ಸೋದರಮಾವ ಕಾಲೇಜಿಗೇ ಬಂದು ಹೇಳಿ ಹೋಗಿದ್ದರು.

ಬೆಂಗಳೂರಿನಿಂದ ಬಂದಿದ್ದ ಪರೀಕ್ಷಕರು ಕೇಳಿದರು. "ಬ್ಯಾಕ್ಟೀರಿಯಾದಲ್ಲಿ ಡಿಎನ್‌ಎ ಎಲ್ಲಿರುತ್ತಮ್ಮ?"

"ಮುದ್ದೇಲಿ, ಸಾ."

ಅಟೆಂಡರ್ ಕಿಸಕ್ಕೆಂದ. ಪರೀಕ್ಷಕರು ಪೆನ್ನು ಕೆಳಗಿಟ್ಟರು. "ಇದೇನು ಲ್ಯಾಬೋ, ಅಡುಗೆಮನೆಯೋ?"

ನಾವಿಬ್ಬರೂ ಬಾಯಿ ತೆರೆಯುವಂತಿರಲಿಲ್ಲ, ಅದು ನಿಯಮ. ಮೇಷ್ಟ್ರ ಮುಖ ಬಿಳಿಚಿಕೊಂಡಿತು. ಕೊನೆಗೂ ಸಿಕ್ಕಿಬಿದ್ದರು ಎಂದು ನನ್ನೊಳಗೆ ಏನೋ ತಣ್ಣಗಾಯಿತು. ಅದು ತಣ್ಣಗಾದದ್ದು ನನಗೆ ಸ್ಪಷ್ಟವಾಗಿ ನೆನಪಿದೆ.

ಹುಡುಗಿ ತಿದ್ದಿಕೊಂಡಳು. "ತಪ್ಪಾಯ್ತು ಸಾ. ಮುದ್ದೇಲಿ ಗಂಟಿರ್ತದಲ್ಲ, ಹಂಗೆ ಒಂದ್ಕಡೆ ಸೇರ್ಕೊಂಡಿರ್ತದೆ. ಸುತ್ತ ಪೊರೆ ಇರಲ್ಲ. ಅದು ಪ್ರೋಕ್ಯಾರಿಯೋಟಿಕ್. ನಮ್ ಜೀವಕೋಶದಲ್ಲಿ ಹೂರಣ ಮುಚ್ಚಿಟ್ಟಂಗೆ ನ್ಯೂಕ್ಲಿಯಸ್ಸಿಗೆ ಪೊರೆ ಇರ್ತದೆ. ಅದು ಯೂಕ್ಯಾರಿಯೋಟಿಕ್."

ಪರೀಕ್ಷಕರು ತಲೆ ಎತ್ತಿದರು. "ಒಂದು ಕಡೆ ಸೇರಿರುತ್ತೆ ಅಂತ ಯಾರಮ್ಮ ಹೇಳಿಕೊಟ್ಟೋರು? ಎಲ್ಲರೂ ಚದುರಿರುತ್ತೆ ಅಂತಾರೆ."

ಅವಳು ಕೈ ತೋರಿಸಿದ್ದು ಬೀರುವಿನ ಕಡೆಗೆ, ನನ್ನತ್ತ. "ಅವ್ರು ಸಾ. ದೊಡ್ಡ ಮೇಷ್ಟ್ರು ನಮಗೆ ಹೇಳವ್ರೆ, 'ನಾನು ತಪ್ಪು ಹೇಳ್ತಿದ್ದೆ, ಚಿಕ್ಕ ಮೇಷ್ಟ್ರು ತಿದ್ದುದ್ರು, ಅವ್ರನ್ನ ನೆನೆಸ್ಕೊಂಡು ಬರೀರಿ' ಅಂತ."

ಅವಳು ಪಾಸಾದಳು. ಸಂಜೆ ಬಸ್ ಸ್ಟ್ಯಾಂಡಿನವರೆಗೆ ನಾನು ಮೇಷ್ಟ್ರ ಜೊತೆ ನಡೆದೆ. "ನನ್ನ ಹೆಸರು ಯಾಕೆ ಹೇಳಿದ್ರಿ ಸಾರ್?" ಎಂದು ಕೇಳಿದೆ.

"ಗಂಟು ಕಂಡಿದ್ದು ನೀವು ಕಣ್ರೀ. ಮುದ್ದೆ ಮಾತ್ರ ನಮ್ಮನೇದು," ಎಂದು ನಕ್ಕು, ಗುಬ್ಬಿ ಬಸ್ಸು ಹತ್ತಿದರು.

ಅವರು ನನ್ನ ತಿದ್ದುಪಡಿಯನ್ನು ಕದ್ದಿದ್ದರೆ ನನಗೆ ಸುಲಭವಾಗುತ್ತಿತ್ತು. ಕದಿಯಲಿಲ್ಲ. ಆಮೇಲೆ ನಾನೂ ಪಾಠದಲ್ಲಿ ಮುದ್ದೆ ಒಬ್ಬಟ್ಟು ತಂದೆ. ಹುಡುಗರು ಬರೆದುಕೊಂಡರು, ನಗಲಿಲ್ಲ.

ಆ ದಶಕ ಮುಗಿಯುವ ಮೊದಲೇ ಮೇಷ್ಟ್ರು ತೀರಿಕೊಂಡರು. ಕಡಬದಲ್ಲಿ ಅವರ ಮನೆಯಿಂದ ಕೆರೆ ಏರಿಯವರೆಗೂ ಜನ. ಬಸ್ಸುಗಳಿಂದ ಇಳಿಯುತ್ತಿದ್ದ ಹಳೆಯ ವಿದ್ಯಾರ್ಥಿಗಳನ್ನು ನೋಡುತ್ತಾ, ನನಗೆ ಇಷ್ಟು ಮಂದಿ ಬರುವುದಿಲ್ಲ ಎಂದುಕೊಂಡೆ. ಅಳು ಬಂದದ್ದು ಅದಾದ ಮೇಲೆ.

ಪರೀಕ್ಷಕರೂ ಈಗ ಇಲ್ಲವೆಂದು ಕೇಳಿದ್ದೇನೆ. ಆ ಕೋಣೆಯಲ್ಲಿ ಅದನ್ನು ಕಂಡವರಲ್ಲಿ ನನ್ನ ಹೊರತು ಇಬ್ಬರು ಬದುಕಿದ್ದಾರೆ. ಅಟೆಂಡರ್ ಗುಬ್ಬಿಯಲ್ಲಿ ಮಗಳ ಮನೆಯಲ್ಲಿದ್ದಾನೆ. ಕಿವಿ ಮಂದ, ನೆನಪು ಚುರುಕು. ಆ ಹುಡುಗಿ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಟ್ಟು ನಿವೃತ್ತಳಾಗಿ ಕುಣಿಗಲ್ಲಿನಲ್ಲಿದ್ದಾಳೆ. ಯಾರು ಕಲಿಸಿದ್ದೆಂದು ಕೇಳಿದರೆ ಅವಳು ಮೊದಲು ಅವರನ್ನು ಹೇಳುತ್ತಾಳೆ, ಆಮೇಲೆ ನನ್ನನ್ನು.