ರೆಪ್ಪೆ ಬಡಿಯುವ ಮಗಳು

ಅಣ್ಣ ತಂಗಿ ಮಾತು ಬಿಟ್ಟಿದ್ದಾರೆ ಎಂದರೆ ನಮ್ಮ ಶಿಡ್ಲಘಟ್ಟದಲ್ಲಿ ಜನ ಮೊದಲು ಕೇಳುವುದು ಎಷ್ಟು ಗುಂಟೆ ಎಂದು. ಗುಂಟೆಯಲ್ಲ, ಸೈಟೂ ಅಲ್ಲ, ಬಾಹ್ಯಾಕಾಶದ ವಿಷಯ ಎಂದು ನಾನು ಯಾವ ಬಾಯಿಂದ ಹೇಳಲಿ? ಪಕ್ಕದ ಮನೆಯ ಸರೋಜಮ್ಮನವರಿಗೆ ಮಾತ್ರ ಒಮ್ಮೆ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಟೀವಿಯಲ್ಲಿ ಒಬ್ಬ ಹುಡುಗಿ ರೆಪ್ಪೆ ಬಡಿದಳು, ಅಂದಿನಿಂದ ನಮ್ಮ ಮನೆಯವರಿಗೂ ನನ್ನ ನಾದಿನಿ ಪದ್ಮಳಿಗೂ ಮಾತಿಲ್ಲ ಎಂದೆ. ಅವರು ಸ್ವಲ್ಪ ಹೊತ್ತು ನನ್ನನ್ನೇ ನೋಡಿ, "ಹೋಗ್ಲಿ ಬಿಡಮ್ಮ, ಹೇಳೋಕೆ ಇಷ್ಟ ಇಲ್ದಿದ್ರೆ ಬಲವಂತ ಇಲ್ಲ" ಎಂದರು. ಸಂಜೆಯ ಹೊತ್ತಿಗೆ ಬೀದಿಯಲ್ಲಿ ಅದು ರಸ್ತೆ ಬದಿಯ ಮೂರು ಗುಂಟೆ ಎಂದು ತೀರ್ಮಾನವಾಗಿತ್ತು.

ಕತೆ ಒಂದು ಆಕಾಶನೌಕೆಯದು. ನಾವೆಲ್ಲ ಚಿಕ್ಕವರಿದ್ದಾಗ ಭಾನುವಾರ ಬೆಳಿಗ್ಗೆ ಬರುತ್ತಿದ್ದ ಇಂಗ್ಲಿಷ್ ಧಾರಾವಾಹಿ. ಹೆಸರು ಬರೆಯುವುದಿಲ್ಲ. ಬರೆದರೆ ನಿಮ್ಮಲ್ಲೂ ಕೆಲವರು ಪಕ್ಷ ಕಟ್ಟಿಕೊಂಡು ನಿಂತೀರಿ. ಆಗಿನಿಂದ ಈಗಿನವರೆಗೆ ಅದು ನಿಂತಿಲ್ಲ. ನಟರು ಮುದುಕರಾದರು, ಹೊಸಬರು ಬಂದರು, ನೌಕೆಯ ಒಳಗಿನ ಕುರ್ಚಿಗಳು ಬದಲಾದವು. ನೌಕೆ ಮಾತ್ರ ಸೇರಬೇಕಾದ ಜಾಗವನ್ನು ಇನ್ನೂ ಮುಟ್ಟಿಲ್ಲ. ಅದರಲ್ಲಿ ಮುಖ್ಯರಾದವರು ಇಬ್ಬರು. ಒಬ್ಬ ಕ್ಯಾಪ್ಟನ್, ನಮ್ಮ ನಿಮ್ಮಂಥ ಮನುಷ್ಯ. ಇನ್ನೊಬ್ಬ ಬೇರೆ ಯಾವುದೋ ಗ್ರಹದವನು, ನೋಡಲು ನಮ್ಮಂತೆಯೇ, ಆದರೆ ಎಂದೂ ರೆಪ್ಪೆ ಬಡಿಯುವುದಿಲ್ಲ. ಬೆಂಕಿ ಬಿದ್ದರೂ ಇಲ್ಲ, ಧೂಳೆದ್ದರೂ ಇಲ್ಲ. ಪರದೇಶದ ಅಭಿಮಾನಿಗಳಿಗೆ ಇದು ದೊಡ್ಡ ವಿಸ್ಮಯವಂತೆ. ನಮ್ಮ ಕಡೆ ಅಷ್ಟೇನೂ ಅಲ್ಲ. ದೇವತೆಗಳು ರೆಪ್ಪೆ ಬಡಿಯುವುದಿಲ್ಲ, ಅದಕ್ಕೇ ಅವರಿಗೆ ಅನಿಮಿಷರು ಎಂದು ಹೆಸರು ಎಂಬುದು ಹರಿಕತೆ ಕೇಳಿದವರಿಗೆಲ್ಲ ಗೊತ್ತು.

ನನ್ನ ಮಾವನವರಿಗೂ ಗೊತ್ತಿತ್ತು. ಅವರು ಮನೆಯ ಹಿಂದೆಯೇ ಒಂದು ಸಣ್ಣ ರೇಷ್ಮೆ ನೂಲು ತೆಗೆಯುವ ಘಟಕ ಇಟ್ಟುಕೊಂಡಿದ್ದವರು. ಬೀದಿಗೆಲ್ಲ ಒಂದೇ ಟೀವಿ, ರೇಷ್ಮೆಗೂಡು ವ್ಯಾಪಾರದ ಸಾಬರ ಮನೆಯಲ್ಲಿ. ಭಾನುವಾರ ಬೀದಿಯೆಲ್ಲ ಅವರ ಹಾಲಿನಲ್ಲಿ. ಟೀವಿಯಲ್ಲಿ ಆಡುವ ಇಂಗ್ಲಿಷ್ ಯಾರಿಗೂ ತಿಳಿಯದು. ನಮ್ಮ ಮಾವನವರಿಗೂ ತಿಳಿಯದು. ಆದರೆ ಅವರು ಎದ್ದು ನಿಂತು ಕತೆ ಹೇಳುತ್ತಿದ್ದರು. ದೊಡ್ಡವರಿಗೆ ತೆಲುಗಿನಲ್ಲಿ, ಮಕ್ಕಳಿಗೆ ಕನ್ನಡದಲ್ಲಿ. ಟೀವಿಯಲ್ಲಿ ಬಾಯಿ ಅಲ್ಲಾಡಿದ ಕೂಡಲೇ ಇವರದೂ ಶುರುವಾಗಿ, ಅಲ್ಲಿ ನಿಂತ ಕೂಡಲೇ ಇಲ್ಲೂ ನಿಲ್ಲುತ್ತಿತ್ತಂತೆ.

ಅವರಿಗೆ ಎದುರಾದ ತೊಡಕು ಒಂದೇ. ಇಬ್ಬರು ಗಂಡಸರು, ಸಂಬಂಧವಿಲ್ಲ, ಸಾಟಿಯಿಲ್ಲ, ಮನೆ ಮಠ ಬಿಟ್ಟು ವರ್ಷಗಟ್ಟಲೆ ಒಂದೇ ವಾಹನದಲ್ಲಿ ತಿರುಗುತ್ತಿದ್ದಾರೆ ಎಂದರೆ ಶಿಡ್ಲಘಟ್ಟದಲ್ಲಿ ಯಾರು ನಂಬುತ್ತಾರೆ? ಮಾವನವರು ಮೊದಲ ವಾರವೇ ಅದನ್ನು ಸರಿಪಡಿಸಿದರು. ಕ್ಯಾಪ್ಟನ್ನನ ಅಕ್ಕನನ್ನು ರೆಪ್ಪೆ ಬಡಿಯದವನಿಗೆ ಕೊಟ್ಟಿದೆ. ಅವನು ಭಾವ, ಇವನು ಭಾವಮೈದುನ. ಎಲ್ಲ ಸಲೀಸಾಯಿತು. ಇಬ್ಬರೂ ಮಾತುಮಾತಿಗೆ ವಾದಿಸುವುದೇಕೆ, ಆದರೂ ಒಬ್ಬರ ಮೇಲೊಬ್ಬರು ಕೈ ಮಾಡದಿರುವುದೇಕೆ, ಅಪಾಯ ಬಂದರೆ ಒಬ್ಬನಿಗಾಗಿ ಇನ್ನೊಬ್ಬ ಪ್ರಾಣ ಕೊಡಲು ಹೊರಡುವುದೇಕೆ ಎಂಬುದೆಲ್ಲ ತಾನಾಗಿ ತಿಳಿಯಿತು. ಅಕ್ಕ ಯಾಕೆ ಕಾಣುವುದಿಲ್ಲ ಎಂದು ಯಾರೋ ಹೆಂಗಸರು ಕೇಳಿದ್ದಕ್ಕೆ, ಬಾಣಂತನಕ್ಕೆ ತವರಿಗೆ ಹೋಗಿದ್ದಾಳೆ ಎಂದರಂತೆ. ಆ ಬಾಣಂತನ ಬಹಳ ಕಾಲ ನಡೆಯಿತು.

ನಾನು ಈ ಮನೆಗೆ ಬಂದದ್ದು ಅವರೆಕಾಯಿ ಕಾಲದಲ್ಲಿ. ಚಳಿ ಬಿದ್ದರೆ ನಮ್ಮ ಕಡೆ ಮನೆಮನೆಯಲ್ಲೂ ಹಿತಕಿದ ಬೇಳೆ ಸಾರು. ರಾತ್ರಿ ನೆನೆಸಿದ ಕಾಳನ್ನು ಒಂದೊಂದಾಗಿ ಬೆರಳಲ್ಲಿ ಹಿತುಕಿ, ಬೇಳೆ ಒಂದು ಪಾತ್ರೆಗೆ, ಸಿಪ್ಪೆ ಇನ್ನೊಂದಕ್ಕೆ. ಒಬ್ಬರಿಂದ ಮುಗಿಯುವ ಕೆಲಸವಲ್ಲ. ಮನೆ ಮಂದಿಯೆಲ್ಲ ಟೀವಿ ಮುಂದೆ ಕೂರಬೇಕು. ಆ ವರ್ಷ ಯಾವುದೋ ಚಾನೆಲ್ಲಿನಲ್ಲಿ ಹಳೆಯ ಆಕಾಶನೌಕೆ ಮತ್ತೆ ಬರುತ್ತಿತ್ತು. ಮಾವನವರು ಹೊಸ ಸೊಸೆಗೆಂದು ವಿಶೇಷ ಕಾಳಜಿಯಿಂದ ಕತೆ ಹೇಳತೊಡಗಿದರು. ನಾನೋ ಕಾನ್ವೆಂಟಿನಲ್ಲಿ ಓದಿದವಳು. ಕಿಟಕಿಯ ಆಚೆ ನೋಡಿದರೂ ಇಂಗ್ಲಿಷಿನಲ್ಲೇ ನೋಡಬೇಕು ಎನ್ನುವ ಸಿಸ್ಟರುಗಳ ಕೈಯಲ್ಲಿ ಬೆಳೆದವಳು. ಟೀವಿಯಲ್ಲಿ ಕ್ಯಾಪ್ಟನ್ ಬ್ಯಾಟರಿ ಬಗ್ಗೆ ಮಾತಾಡುತ್ತಿದ್ದ. ಮಾವನವರು ಅದನ್ನು, "ಭಾವ, ಅಕ್ಕನಿಂದ ಕಾಗದ ಬಂತಾ?" ಎಂದು ಹೇಳಿದರು. ಆಮೇಲೆ ನನ್ನ ಕಡೆ ತಿರುಗಿ, "ನೀನು ಓದಿರೋಳು ಕಣಮ್ಮ, ತಪ್ಪಿದ್ರೆ ಹೇಳು" ಎಂದರು. ಅವರ ಮಗ, ಮಗಳು ಇಬ್ಬರೂ ಕಾಳು ಹಿತುಕುವುದನ್ನು ನಿಲ್ಲಿಸಿ ನನ್ನನ್ನೇ ನೋಡುತ್ತಿದ್ದರು. "ಸರಿಯಾಗಿದೆ ಮಾವ" ಎಂದೆ. ಅವರು ಬಹಳ ಸಂತೋಷಪಟ್ಟು ನನ್ನ ಪಾತ್ರೆಗೆ ತಮ್ಮ ಬೇಳೆಯನ್ನೂ ಸುರಿದರು.

ಸಿಸ್ಟರುಗಳು ಅದನ್ನು ಸುಳ್ಳು ಎನ್ನುತ್ತಿದ್ದರೋ ಏನೋ. ಈ ನಾಡಿನಲ್ಲಿ ಕತೆಗಳು ಹೀಗೇ ಬಾಳಿಕೊಂಡು ಬಂದಿವೆ. ನಮ್ಮ ಸುತ್ತಿನ ಬೆಟ್ಟಗಳನ್ನೇ ನೋಡಿ. ಪ್ರತಿ ಎರಡನೆಯ ಬೆಟ್ಟದಲ್ಲಿ ಒಂದು ಗವಿ, ಪ್ರತಿ ಗವಿಯಲ್ಲೂ ವನವಾಸಕ್ಕೆ ಬಂದ ಐವರು ಅಣ್ಣತಮ್ಮಂದಿರು ಮಲಗಿದ್ದರು. ಬಂಡಿ ಅನ್ನ ತಿನ್ನುವ ರಾಕ್ಷಸನನ್ನು ಕೊಂದ ಊರು ಚಿಂತಾಮಣಿಯ ಹತ್ತಿರವಿದೆ. ಅದೇ ರಾಕ್ಷಸನನ್ನು ಕೊಂದ ಬೇರೆ ಊರುಗಳೂ ದೇಶದಲ್ಲಿ ಇವೆಯಂತೆ. ಯಾರೂ ಯಾರ ಮೇಲೂ ಸಿಟ್ಟಾದದ್ದಿಲ್ಲ. ಅವನು ಅಂಥವನು, ಎರಡು ಮೂರು ಕಡೆ ಸತ್ತಿರಬಹುದು ಎಂದು ಬಿಟ್ಟಿದ್ದಾರೆ.

ಆದರೆ ಪರದೇಶದ ಅಭಿಮಾನಿಗಳು ಹಾಗೆ ಬಿಡುವವರಲ್ಲ. ಈ ಸಲ ಮಾಗಿಯಲ್ಲಿ ನೌಕೆಯ ಹೊಸ ಸರಣಿ ಬಂತು. ಹಳೆಯ ಕ್ಯಾಪ್ಟನ್ ಈಗ ನರೆತ ಮುದುಕ. ರೆಪ್ಪೆ ಬಡಿಯದವನು ಇಲ್ಲ, ತೀರಿಕೊಂಡಿದ್ದಾನೆ. ನೌಕೆಗೆ ಈಗ ಅವನ ಮಗಳೇ ಕ್ಯಾಪ್ಟನ್. ಮೊದಲ ಕಂತಿನಲ್ಲಿ ಅವಳ ಮುಖವನ್ನು ಹತ್ತಿರದಿಂದ ತೋರಿಸಿದರು. ಆಗ ಅವಳು ರೆಪ್ಪೆ ಬಡಿದಳು.

ಲೋಕಕ್ಕೆ ಬೆಂಕಿ ಬಿತ್ತು. ನಮ್ಮ ಮನೆಯವರಿಗೆ ಪೇಟೆಯಲ್ಲಿ ಹಾರ್ಡ್‌ವೇರ್ ಅಂಗಡಿ. ಮೊಳೆ ತೂಗುವ ಬಿಡುವಿನಲ್ಲಿ ಅವರು ಮೊಬೈಲಿನಲ್ಲಿ ಲೋಕದ ಅಭಿಪ್ರಾಯಗಳನ್ನು ಕನ್ನಡಕ್ಕೆ ತಿರುಗಿಸಿ ಓದಿ, ಊಟಕ್ಕೆ ಬಂದಾಗ ನನಗೆ ವರದಿ ಮಾಡುತ್ತಿದ್ದರು. ಒಬ್ಬ ತನ್ನ ಬಾಲ್ಯ ಹಾಳಾಯಿತು ಎಂದು ಬರೆದಿದ್ದ. ಫೋಟೋ ನೋಡಿದರೆ ಐವತ್ತು ದಾಟಿದ ಆಸಾಮಿ, ಬಾಲ್ಯ ಹೇಗೂ ಮುಗಿದೇ ಇತ್ತು. ಇನ್ನೊಬ್ಬ, ನೌಕೆಯ ಓಣಿಯಲ್ಲಿ ಬೆಳಕು ಜಾಸ್ತಿಯಾಯಿತು ಎಂದು ಚಂದಾ ರದ್ದು ಮಾಡಿದ್ದ. ಮಗದೊಬ್ಬ, ಇನ್ನು ಮುಂದೆ ನೋಡುವುದೇ ಇಲ್ಲ ಎಂದು ಶಪಥ ಮಾಡಿ, ಮುಂದಿನ ವಾರದ ಕಂತು ಇನ್ನೂ ಕೆಟ್ಟದಾಗಿದೆ ಎಂದು ವಿವರವಾಗಿ ಬರೆದಿದ್ದ. ನಮ್ಮ ಕಾನ್ವೆಂಟಿನಲ್ಲಿ ಬೆಳಗಿನ ಪ್ರಾರ್ಥನೆಯ ಧಾಟಿ ಬದಲಿಸಿದಾಗ ಹಳೆಯ ವಿದ್ಯಾರ್ಥಿನಿಯರು ಬರೆದ ಕಾಗದಗಳಲ್ಲೂ ಇದೇ ನೋವಿತ್ತು. ಅವರಲ್ಲಿ ಯಾರೂ ಓದುವಾಗ ಆ ಪ್ರಾರ್ಥನೆಗೆ ಹೊತ್ತಿಗೆ ಸರಿಯಾಗಿ ಬಂದವರಲ್ಲ.

ಮೊದಲ ಕಂತಿಗೆ ಪದ್ಮ ನಮ್ಮಲ್ಲೇ ಇದ್ದಳು. ಅವಳು ಗೌರಿಬಿದನೂರಿನ ಹೈಸ್ಕೂಲಿನಲ್ಲಿ ಇಂಗ್ಲಿಷ್ ಟೀಚರು. ಪ್ರತಿ ವರ್ಷ ಅವರೆಕಾಯಿಗೆ ಬಂದು ಹೋಗುವುದು ಮಾವನವರ ಕಾಲದಿಂದಲೂ ನಡೆದದ್ದು. ಮೂವರೂ ಕಾಳು ಹಿತುಕುತ್ತಾ ನೋಡುತ್ತಿದ್ದೆವು. ಆ ಹುಡುಗಿ ರೆಪ್ಪೆ ಬಡಿದ ಗಳಿಗೆಯಿಂದ ನಮ್ಮ ಕೈಗಳಿಗೂ ಏನೋ ಆಗಿ, ಬೇಳೆಯೆಲ್ಲ ಸಿಪ್ಪೆಯ ಪಾತ್ರೆಗೂ ಸಿಪ್ಪೆಯೆಲ್ಲ ಬೇಳೆಯ ಪಾತ್ರೆಗೂ ಬಿದ್ದದ್ದು ಕಂತು ಮುಗಿದ ಮೇಲೆ ತಿಳಿಯಿತು.

"ಕೆಡಿಸಿಬಿಟ್ರು" ಎಂದರು ಇವರು. "ಅಪ್ಪ ರೆಪ್ಪೆ ಬಡಿಯಲ್ಲ ಅಂದ್ಮೇಲೆ ಮಗಳು ಹೆಂಗೆ ಬಡೀತಾಳೆ?"

"ತಾಯಿ ಕಡೆ ಹೋಗಿದಾಳೆ" ಎಂದಳು ಪದ್ಮ. ಲೋಕದ ಅಭಿಮಾನಿಗಳಾರಿಗೂ ಹೊಳೆಯದ ಸಮಾಧಾನ ಇದು. ತಾಯಿ ಕ್ಯಾಪ್ಟನ್ನನ ಅಕ್ಕ ಎಂಬುದು ಅವರಿಗೆ ಗೊತ್ತಿಲ್ಲವಲ್ಲ.

"ಎಲ್ಲಿಂದಲೋ ಒಂದು ಮಗಳನ್ನ ತಂದು ಕೂರಿಸಿದಾರೆ."

"ಎಲ್ಲಿಂದಲೋ ಅಲ್ಲ ಅಣ್ಣ. ಹೆಣ್ಣು ಮಗು ಹುಟ್ತು ಅಂತ ಅಪ್ಪ ಹೇಳಿದ್ರಲ್ಲ."

"ಯಾವಾಗ?"

"ನೀನು ಹಾಸ್ಟೆಲಲ್ಲಿದ್ದಾಗ."

ಇವರನ್ನು ಹೈಸ್ಕೂಲು ಓದಲು ಚಿಂತಾಮಣಿಯ ಹಾಸ್ಟೆಲ್ಲಿಗೆ ಹಾಕಿದ್ದರು. ಅಲ್ಲಿ ಟೀವಿ ಇರಲಿಲ್ಲ. ಬಿಟ್ಟು ಬರುವಾಗ ಹುಡುಗ ಅತ್ತನಂತೆ. ಮಾವನವರು, "ನೀನು ಬರೋವರೆಗೂ ಕತೆ ಮುಂದಕ್ಕೆ ಹೋಗಲ್ಲ ಕಣಪ್ಪ" ಎಂದು ಮಾತು ಕೊಟ್ಟಿದ್ದರು. ರಜಕ್ಕೆ ಬಂದಾಗಲೆಲ್ಲ, ನೌಕೆ ಇನ್ನೂ ರಿಪೇರಿಗೆ ನಿಂತಿದೆ, ನಾಳೆ ಹೊರಡುತ್ತದೆ ಎನ್ನುತ್ತಿದ್ದರು.

"ನಾನು ಹಾಸ್ಟೆಲಲ್ಲಿದ್ದಾಗ ನೌಕೆ ರಿಪೇರಿಗೆ ನಿಂತಿತ್ತು" ಎಂದರು ಇವರು.

"ಅದು ನಿನಗೆ ಹೇಳಿದ್ದು" ಎಂದಳು ಪದ್ಮ.

ಅಷ್ಟೇ. ಕೂಗಾಟವಿಲ್ಲ, ಪಾತ್ರೆ ಎಸೆದದ್ದಿಲ್ಲ. ಇವರು ಎದ್ದು ಕೈ ತೊಳೆದರು. ಪದ್ಮ ಸಾರಿಗೂ ಕಾಯದೆ ಬಸ್ಸು ಹತ್ತಿದಳು.

ಆಮೇಲಿನ ವಾರಗಳಲ್ಲಿ ಇವರು ಹೊಸ ಸರಣಿಯನ್ನು ಬೈಯುವುದು ಹೆಚ್ಚಾಯಿತು. ಅಂಗಡಿಗೆ ಬಂದ ಗಾರೆಯವರಿಗೂ ಅದರ ಕುಂದುಗಳು ಬಾಯಿಪಾಠವಾದವು. ನನಗೆ ಮಾತ್ರ ಗೊತ್ತಿತ್ತು, ಅವರ ಸಿಟ್ಟು ಕಂಪನಿಯ ಮೇಲಲ್ಲ. ತಾನಿಲ್ಲದ ಭಾನುವಾರಗಳಲ್ಲಿ ಅಪ್ಪ ತನ್ನನ್ನು ಬಿಟ್ಟು ತಂಗಿಗೆ ಕತೆ ಹೇಳಿದ್ದರು. ಐವತ್ತೆರಡರ ಗಂಡಸು ಅದನ್ನು ಯಾರ ಬಳಿ ದೂರಬೇಕು? ಅಪ್ಪ ಇಲ್ಲ. ಹಾಗಾಗಿ ನೌಕೆಯ ಓಣಿಯ ದೀಪಗಳನ್ನು ದೂರುತ್ತಿದ್ದರು. ಬಾಲ್ಯ ಹಾಳಾಯಿತು ಎಂದ ಆ ಪರದೇಶದ ಮನುಷ್ಯನ ಮೇಲೂ ನನಗೆ ಆಮೇಲೆ ಸ್ವಲ್ಪ ಮರುಕ ಹುಟ್ಟಿತು. ಅವನಿಗೂ ಯಾವುದೋ ಹಾಸ್ಟೆಲ್ಲು ಇದ್ದಿರಬಹುದು.

ಅವರೆಕಾಯಿ ಕಾಲ ಮುಗಿಯುತ್ತಾ ಬಂತು. ಪದ್ಮ ಮತ್ತೆ ಬರಲಿಲ್ಲ. ಈ ಮನೆಯಲ್ಲಿ ನನ್ನ ಜೊತೆ ಸುಮ್ಮನೆ ಕೂರಬಲ್ಲವಳು ಅವಳೊಬ್ಬಳೇ. ಈ ವರ್ಷ ಹೀಗೆ ಮುನಿಸಿನಲ್ಲೇ ಮುಗಿದರೆ ಮುಂದಿನ ವರ್ಷ ಬರುವುದೂ ತಪ್ಪಬಹುದು, ಹಾಗೆ ತಪ್ಪಿದ್ದೇ ಅಭ್ಯಾಸವಾಗಿಬಿಡಬಹುದು ಎಂದು ನನಗೆ ಭಯ. ಕೊನೆಯ ಕಂತು ಬರುವ ಹಿಂದಿನ ದಿನ ಸಂತೆಯಲ್ಲಿದ್ದ ಘಮಘಮಿಸುವ ಸೊಗಡಿನ ಅವರೆಕಾಯನ್ನೆಲ್ಲ ತಂದು, ಸುಲಿದು, ಅಷ್ಟನ್ನೂ ನೆನೆಸಿಬಿಟ್ಟೆ. ಬೆಳಿಗ್ಗೆ ಫೋನು ಮಾಡಿದೆ.

"ಪದ್ಮ, ಕಾಳು ಜಾಸ್ತಿ ನೆನೆಸಿಬಿಟ್ಟಿದೀನಿ ಕಣೇ. ಸಂಜೆಗೆ ಹುಳಿ ವಾಸನೆ ಬರುತ್ತೆ."

"ಎಷ್ಟು ಅತ್ಗೆ?"

"ಹಂಡೆ ತುಂಬ."

ಆ ಕಡೆ ನಿಟ್ಟುಸಿರು ಕೇಳಿಸಿತು. ಜಗಳ ನಾಳೆಗೆ ಕಾಯಬಹುದು, ನೆನೆದ ಅವರೆಕಾಳು ಕಾಯುವುದಿಲ್ಲ ಎಂಬುದನ್ನು ಈ ಸೀಮೆಯ ಹೆಣ್ಣುಮಕ್ಕಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಚಿಕ್ಕಬಳ್ಳಾಪುರದಲ್ಲಿ ಬಸ್ಸು ಬದಲಿಸಿ ಮಧ್ಯಾಹ್ನಕ್ಕೆ ಬಂದಳು. ಅಣ್ಣ, "ಬಾ" ಎಂದರು. ತಂಗಿ, "ಹೂಂ" ಎಂದಳು. ಇಬ್ಬರೂ ಹಂಡೆಯ ಆ ಕಡೆ ಒಬ್ಬರು ಈ ಕಡೆ ಒಬ್ಬರು ಕೂತು ಕಾಳಿಗೆ ಕೈ ಹಾಕಿದರು.

ಕೊನೆಯ ಕಂತಿನಲ್ಲಿ ಮುದಿ ಕ್ಯಾಪ್ಟನ್ ಆ ಹುಡುಗಿಯನ್ನು ನೋಡಲು ನೌಕೆಗೆ ಬರುತ್ತಾನೆ. ಎಂಜಿನ್ನಿನ ಕೋಣೆ. ಅವನು ಏನೋ ಕೇಳಿದ. ಅವಳು ಏನೋ ಹೇಳಿದಳು. ನಮ್ಮ ಮನೆಯವರ ಇಂಗ್ಲಿಷು ಮೊಳೆ, ಸ್ಕ್ರೂ, ಪೇಂಟಿನವರೆಗೆ ಮಾತ್ರ. ಅವರು ಟೀವಿಯಿಂದ ಕಣ್ಣು ತೆಗೆಯದೆ ನನ್ನನ್ನು ಕೇಳಿದರು.

"ಏನಂದ?"

ಅವನು ಎಂಜಿನ್ನು ತಣಿಸುವ ನೀರು ಎಲ್ಲಿ ಸೋರುತ್ತಿದೆ ಎಂದು ಕೇಳಿದ್ದ. ನಾನು ಕೈಯಲ್ಲಿದ್ದ ಕಾಳನ್ನು ಹಿತುಕಿ, ಹೇಳಿದೆ. "ನೀನು ಹುಟ್ಟಿದ ಸುದ್ದಿ ನನಗೆ ಯಾಕೆ ಹೇಳ್ಲಿಲ್ಲ, ಅಂದ."

"ಅವಳು?"

ಎಡಗಡೆಯ ಕೊಳವೆ ಎಂದು ಅವಳು ಹೇಳಿದ್ದಳು. "ನೀವು ದೂರ ಇದ್ರಿ ಮಾವ, ಅಂದ್ಳು. ನೀವಿಲ್ದೆ ಕತೆ ಮುಂದಕ್ಕೆ ಹೋಗಿದೆ ಅಂತ ಗೊತ್ತಾದ್ರೆ ನೀವು ಅಳ್ತೀರಿ ಅಂತ ಅಪ್ಪನಿಗೆ ಭಯ ಇತ್ತಂತೆ. ಅದಕ್ಕೇ ಎಲ್ಲಾ ನಿಂತಿದೆ ಅಂತ ಹೇಳಿದ್ರಂತೆ."

ಪದ್ಮ ತಲೆಯೆತ್ತಿ ನನ್ನನ್ನು ನೋಡಿದಳು. ಮಕ್ಕಳ ವಾಕ್ಯದಲ್ಲಿ ಒಂದು ಪದ ಹೆಚ್ಚಾದರೂ ಕೆಂಪು ಗೆರೆ ಎಳೆಯುವ ಟೀಚರು. ನಾನು ಬೇಳೆಯನ್ನೇ ನೋಡುತ್ತಿದ್ದೆ.

"ಹೌದು" ಎಂದಳು ಕೊನೆಗೆ. "ಹಾಗೇ ಅಂದಿದ್ದು."

ಟೀವಿಯಲ್ಲಿ ಅಷ್ಟರಲ್ಲಿ ಏನೇನೋ ಆಗಿ ಹೋಯಿತು. ನಮ್ಮ ಮನೆಯವರು ಕೈಯಲ್ಲಿದ್ದ ಹಿಡಿ ಕಾಳನ್ನು ಹಿತುಕಿ ಮುಗಿಸಿದರು. ಆಮೇಲೆ, "ಅಪ್ಪ ಟೀವೀಲಿ ಬಾಯಿ ಅಲ್ಲಾಡೋ ಅಷ್ಟು ಹೊತ್ತೇ ಹೇಳ್ತಿದ್ರು ಕಣೇ" ಎಂದರು ನನಗೆ. "ನೀನು ಹೇಳಿ ಮುಗಿಸೋ ಹೊತ್ತಿಗೆ ಆ ಯಮ್ಮ ರೂಮಿಂದಲೇ ಆಚೆ ಹೋಗಿದ್ಲು."

ಅವರು ರಿಮೋಟು ಒತ್ತಿ ಟೀವಿಯ ದನಿ ಅಡಗಿಸಿ ತಂಗಿಯ ಕಡೆ ತಿರುಗಿದರು.

"ಆ ಮಗೂಗೆ ಅಪ್ಪ ಏನಂತ ಹೆಸರಿಟ್ಟಿದ್ರು?"

"ಇಟ್ಟಿರ್ಲಿಲ್ಲ" ಎಂದಳು ಪದ್ಮ. "ನಿಮ್ಮಣ್ಣ ರಜಕ್ಕೆ ಬರಲಿ, ಅವನನ್ನೇ ಕೇಳಿ ಇಡೋಣ ಅಂದಿದ್ರು."

ಪದ್ಮ ಅದನ್ನು ನೆನಪಿನಿಂದ ಹೇಳಿದಳೋ ಆ ಗಳಿಗೆಯಲ್ಲಿ ಹೇಳಿದಳೋ ನನಗೆ ತಿಳಿಯಲಿಲ್ಲ. ಇವರು ಕೇಳಲಿಲ್ಲ. ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸಿಕೊಂಡು ಬಹಳ ಹೊತ್ತು ಯೋಚಿಸಿದರು. ಒಂದು ಹೆಸರು ಹೇಳಿದರು, ತಂಗಿ ಅದು ಹಳೆಯ ಕಾಲದ್ದು ಎಂದಳು. ಇನ್ನೊಂದು ಹೇಳಿದರು, ಅದು ಪಕ್ಕದ ಮನೆಯ ಮೊಮ್ಮಗಳದ್ದು ಎಂದಳು. ಸಾರು ಕುದಿಯುವ ಹೊತ್ತಿಗೆ ಇಬ್ಬರಿಗೂ ಒಪ್ಪುವ ಹೆಸರೊಂದು ತೀರ್ಮಾನವಾಯಿತು. ಅದನ್ನು ಧಾರಾವಾಹಿಯವರಿಗೆ ತಿಳಿಸಬೇಕೆಂದು ನಮಗೆ ಯಾರಿಗೂ ಅನ್ನಿಸಲಿಲ್ಲ.