ಗಿಟಾರಿನೊಳಗಿನ ಬೆರಳುಗಳು

ಬೀಟೆ ಮರವನ್ನು ಉಜ್ಜುವಾಗ ಏಳುವ ಪುಡಿಗೆ ಒಂದು ವಾಸನೆಯಿದೆ. ಹುರಿದ ಕೊತ್ತಂಬರಿ ಬೀಜಕ್ಕೆ ಚೂರು ಬೆಲ್ಲ ಸೇರಿಸಿ ಕುಟ್ಟಿದರೆ ಬರುವಂಥದ್ದು. ದಾವಣಗೆರೆಯ ವಿದ್ಯಾನಗರದಲ್ಲಿ ನಮ್ಮ ಪಕ್ಕದ ಸೈಟಿನಲ್ಲಿ ಮನೆ ಕಟ್ಟುತ್ತಿದ್ದಾರೆ. ಮೊನ್ನೆ ಬೆಳಿಗ್ಗೆ ಅಲ್ಲಿ ಹೊಸ ಬಾಗಿಲನ್ನು ಮಿಷನ್ನಿನಿಂದ ಉಜ್ಜತೊಡಗಿದರು. ಒಗ್ಗರಣೆ ಹಾಕುತ್ತಿದ್ದ ನನ್ನ ಮೂಗಿಗೆ ಆ ವಾಸನೆ ತಾಗಿದ್ದೇ ತಡ, ಮೊದಲು ಅಪ್ಪ ನೆನಪಾದ, ಆಮೇಲೆ ಹೆದರಿಕೆಯಾಯಿತು. ಒಲೆ ಆರಿಸಿ ಮನೆಯ ಕಿಟಕಿಗಳನ್ನೆಲ್ಲ ಓಡಾಡಿ ಮುಚ್ಚಿದೆ. ನಾನು ಹುಟ್ಟಾ ಪುಕ್ಕಲಿ, ಸುಳ್ಳೇಕೆ ಹೇಳಲಿ. ಹಲ್ಲಿಗೂ ಹೆದರುತ್ತೇನೆ, ಗುಡುಗಿಗೂ ಹೆದರುತ್ತೇನೆ. ಆದರೆ ಮರದ ವಾಸನೆಗೆ ಮೊದಲೆಲ್ಲ ಹೆದರಿದವಳಲ್ಲ. ಒಂದು ಕಾಲದಲ್ಲಿ ಆ ವಾಸನೆಯಿಲ್ಲದೆ ನನಗೆ ನಿದ್ದೆಯೇ ಬರುತ್ತಿರಲಿಲ್ಲ.

ಬೆಳೆದ ಮನೆ ನೆಲಸಮವಾದ ಮೇಲೂ ಅದರ ಹೊಸ್ತಿಲನ್ನು ಕನಸಿನಲ್ಲಿ ಎಡವುವವರು ನೀವಾಗಿದ್ದರೆ, ಈ ಮಾತು ನಿಮಗೆ ತಿಳಿದೀತು. ಹರಿಹರದಲ್ಲಿ ನಮ್ಮದು ಸಾಲು ಹೆಂಚಿನ ಮನೆಗಳಲ್ಲಿ ಕೊನೆಯದು. ಹಿತ್ತಲ ಗೋಡೆಯಾಚೆಗೆ ದಾದಾಪೀರ್ ಚಾಚಾ ಅವರ ತಗಡಿನ ಶೆಡ್ಡು. ಹಾರ್ಮೋನಿಯಂ ರಿಪೇರಿಯಿಂದ ಶುರುಮಾಡಿದ ಚಾಚಾ ಆಮೇಲೆ ಗಿಟಾರ್ ಮಾಡಲು ಕಲಿತಿದ್ದರು. ದಾವಣಗೆರೆ, ಹುಬ್ಬಳ್ಳಿಯ ಅಂಗಡಿಗಳಿಗೆ ಅಲ್ಲಿಂದಲೇ ಗಿಟಾರುಗಳು ಹೋಗುತ್ತಿದ್ದವು. ಅಪ್ಪ ಭಾನುವಳ್ಳಿಯವನು. ಅಣ್ಣಂದಿರೆಲ್ಲ ಕಾಲುವೆ ನೀರಿನ ಗದ್ದೆಗೆ ಇಳಿದರೆ, ಇವನು ಕೆಸರು ಕಂಡರೆ ಮುಖ ಸಿಂಡರಿಸುತ್ತಿದ್ದನಂತೆ. ಒಂದು ದಿನ ಬಸ್ಸು ಹತ್ತಿ ಹರಿಹರಕ್ಕೆ ಬಂದವನು ಚಾಚಾ ಅವರ ಶೆಡ್ಡಿನಲ್ಲೇ ಕೆಲಸಕ್ಕೆ ನಿಂತುಬಿಟ್ಟ. ನನಗೆ ತಿಳಿವಳಿಕೆ ಬರುವ ಹೊತ್ತಿಗೆ ಅಲ್ಲಿಯ ಗರಗಸದ ಮಿಷನ್ನಿನ ಸದ್ದು ನಮ್ಮ ಮನೆಯ ಸದ್ದೇ ಆಗಿತ್ತು. ಅವ್ವ ರೊಟ್ಟಿ ತಟ್ಟುವ ಸಪ್ಪಳವನ್ನೂ ನಾವು ಅದರ ನಡುವೆಯೇ ಕೇಳಿಸಿಕೊಳ್ಳುತ್ತಿದ್ದೆವು.

ಆ ಶೆಡ್ಡಿನೊಳಗೆ ನಾನು ಮೊದಲ ಸಲ ಕಾಲಿಟ್ಟದ್ದು ಅಪ್ಪ ಮರೆತು ಹೋದ ಬುತ್ತಿ ಕೊಡಲು. ಎರಡನೇ ಕ್ಲಾಸು ಮುಗಿದ ಬೇಸಿಗೆ ರಜೆ. ಹೊರಗಿನ ಬಿಸಿಲಿನಿಂದ ಒಳಗೆ ಹೋದವಳಿಗೆ ಕಣ್ಣು ಕತ್ತಲಿಟ್ಟಿತು. ಕಣ್ಣು ಹೊಂದಿಕೊಂಡ ಮೇಲೆ ನೋಡಿದರೆ, ತೊಲೆಯಿಂದ ತಲೆಯಿಲ್ಲದ ಗಿಟಾರುಗಳು ಸಾಲಾಗಿ ನೇತಾಡುತ್ತಿದ್ದವು. ಅವುಗಳ ಕುತ್ತಿಗೆಗಳು ಬೇರೊಂದು ಮೂಲೆಯಲ್ಲಿ ಗೋಡೆಗೆ ಒರಗಿದ್ದವು. ಒಬ್ಬ ಕೆಲಸದವನು ತೆಳ್ಳನೆಯ ಮರದ ಪಟ್ಟಿಯನ್ನು ಕುದಿಯುವ ನೀರಿನಿಂದ ಎತ್ತಿ, ಒಳಗೆ ಕೆಂಡ ತುಂಬಿದ ಕಬ್ಬಿಣದ ಕೊಳವೆಗೆ ಒತ್ತಿ ಒತ್ತಿ ಬಗ್ಗಿಸುತ್ತಿದ್ದ. ಹಬೆ ಏಳುತ್ತಿತ್ತು, ಮರ ನರಳುತ್ತಿತ್ತು. ಆಚೆಗೆ ಗರಗಸದ ಮಿಷನ್ನು. ಹಲ್ಲುಗಳಿರುವ, ನನಗಿಂತ ಎತ್ತರದ ಉಕ್ಕಿನ ಪಟ್ಟಿ ಮೇಲಿನಿಂದ ಕೆಳಗೆ ಕಣ್ಣಿಗೆ ಕಾಣದಷ್ಟು ಜೋರಾಗಿ ಓಡುತ್ತಿತ್ತು. ಅದರ ಮುಂದೆ ನಿಂತು ಹಲಗೆಯನ್ನು ಬರಿಗೈಯಿಂದ ತಳ್ಳುತ್ತಿದ್ದವನು ನನ್ನ ಅಪ್ಪ. ಗರಗಸಕ್ಕೂ ಅವನ ಹೆಬ್ಬೆರಳಿಗೂ ಒಂದು ಹುಣಸೆ ಬೀಜದಷ್ಟು ದೂರವಿತ್ತು. ಬುತ್ತಿಯನ್ನು ಎದೆಗೊತ್ತಿಕೊಂಡು ನಿಂತೆ.

ಅಷ್ಟರಲ್ಲಿ ಹಿಂದಿನಿಂದ ಯಾರೋ ತಲೆ ಸವರಿದರು. ಚಾಚಾ. ಬಿಳಿ ಗಡ್ಡ, ನಗುಮುಖ. ಆದರೆ ತಲೆಯ ಮೇಲಿದ್ದ ಕೈಯಲ್ಲಿ ಎರಡು ಬೆರಳು ಇರಬೇಕಾದ ಕಡೆ ಏನೂ ಇರಲಿಲ್ಲ. ನನ್ನ ನೆತ್ತಿಗೆ ಅದು ಗೊತ್ತಾಯಿತು. ನಾನು ಅವರ ಕೈಯನ್ನೇ ನೋಡುತ್ತಿದ್ದುದನ್ನು ಕಂಡು ಅವರು ತಮಾಷೆಗಿಳಿದರು.

"ಬೆರಳು ಹುಡುಕ್ತೀಯೇನವ್ವ? ಗಿಟಾರ್ ಒಳಗೆ ಅದಾವೆ. ಮತ್ತೆ ಅದು ತಾನೇ ತಾನು ಹೆಂಗೆ ನುಡೀತೈತೆ ಅಂದ್ಕಂಡೆ? ಬಾ, ಬಗ್ಗಿ ನೋಡು ಬೇಕಾರೆ."

ತಂತಿ ಕಟ್ಟಿ ಮುಗಿದ ಗಿಟಾರೊಂದನ್ನು ಮುಖದ ಮುಂದೆ ಹಿಡಿದರು. ನಡುವಿನ ದುಂಡು ತೂತಿನೊಳಗೆ ನಾನು ಇಣುಕಿದೆ. ಒಳಗೆ ಬಾವಿಯಂಥ ಕತ್ತಲು. ಅದೇ ಗಳಿಗೆಗೆ ಚಾಚಾ ಮೇಲಿನ ದಪ್ಪ ತಂತಿ ಮೀಟಿದರು. ಒಳಗಿನಿಂದ ಯಾರೋ ಎದ್ದು ಕೂತಂಥ ಸದ್ದು ನನ್ನ ಮುಖಕ್ಕೇ ಬಡಿಯಿತು. ಬುತ್ತಿಯನ್ನು ಅಲ್ಲೇ ಬಿಟ್ಟು ಓಡಿದವಳು ಅವ್ವನ ಸೆರಗು ಸಿಕ್ಕ ಮೇಲೆಯೇ ನಿಂತಿದ್ದು.

ಅವತ್ತಿನಿಂದ ನನ್ನ ಲೆಕ್ಕ ಶುರುವಾಯಿತು. ಒಂದೊಂದು ಗಿಟಾರಿಗೆ ಒಂದೊಂದು ಬೆರಳು ಬೇಕಾದರೆ, ಅಷ್ಟೊಂದು ಗಿಟಾರ್ ಮಾಡುವ ಅಪ್ಪನ ಕೈಯಲ್ಲಿ ಇನ್ನೆಷ್ಟು ದಿನ ಬೆರಳು ಉಳಿದಾವು? ಸಂಜೆ ಅವನು ಬಂದು ಕಟ್ಟೆಯ ಮೇಲೆ ಕೂತ ಕೂಡಲೇ ಚುಚ್ಚಿಕೊಂಡ ಮರದ ಸಿಬಿರು ತೆಗೆಯುವ ನೆಪದಲ್ಲಿ ಕೈ ಹಿಡಿದು ಬೆರಳು ಎಣಿಸುತ್ತಿದ್ದೆ. ಎಣಿಸಿದ ಮೇಲೆಯೇ ಊಟ. ನನ್ನ ಕಳ್ಳಾಟ ಅಪ್ಪನಿಗೆ ಬೇಗ ತಿಳಿಯಿತು. ಕಿರುಬೆರಳನ್ನು ಅಂಗೈಯೊಳಗೆ ಮಡಚಿ, ಮುಖ ಸಣ್ಣಗೆ ಮಾಡಿಕೊಂಡು, "ಅಯ್ಯೋ ಮಗಾ, ಇವತ್ತು ಒಂದು ಹೋಗ್ಬಿಡ್ತಲ್ಲೇ" ಎನ್ನುತ್ತಿದ್ದ. ಆಟವೆಂದು ಗೊತ್ತಿದ್ದೂ ಪ್ರತಿ ಸಲ ಹೆದರುತ್ತಿದ್ದೆ. ಮಡಚಿದ ಬೆರಳನ್ನು ಎಳೆದು ಬಿಡಿಸಿ, ಅದು ಬುಡಸಮೇತ ಇದೆಯೆಂದು ಖಾತ್ರಿ ಮಾಡಿಕೊಂಡ ಮೇಲೆ ಇಬ್ಬರೂ ನಗುತ್ತಿದ್ದೆವು.

ಹೆದರಿಕೆಯಿದ್ದರೂ ಶೆಡ್ಡಿಗೆ ಹೋಗುವುದನ್ನು ನಾನು ಬಿಡಲಿಲ್ಲ. ಕಾವಲು ಕಾಯಬೇಕಲ್ಲ! ಮಿಷನ್ನಿನ ಕಡೆಗೆ ಬೆನ್ನು ಹಾಕಿ ಬೆಳಕಿಂಡಿಯ ಕೆಳಗೆ ಕೂರುತ್ತಿದ್ದೆ. ಗರಗಸದ ಕೆಲಸ ಮುಗಿಸಿ ಅಪ್ಪ ಉಜ್ಜಲು ಕೂರುತ್ತಿದ್ದದ್ದು ಅಲ್ಲೇ. ಗಿಟಾರಿನ ಮೈಯನ್ನು ಸ್ಯಾಂಡ್ ಪೇಪರಿನಿಂದ ನಾಲ್ಕು ಸಲ ತೀಡುವುದು, ಬಗ್ಗಿ ಬಾಯಿಂದ ಉಫ್ ಎಂದು ಊದುವುದು, ಮರದ ಗೆರೆ ಹೇಗೆ ಎದ್ದಿದೆಯೆಂದು ನೋಡುವುದು, ಮತ್ತೆ ತೀಡುವುದು. ಊದಿದಾಗಲೆಲ್ಲ ಪುಡಿ ಮೇಲೆದ್ದು ಬಿಸಿಲಿನ ಕೋಲಿನೊಳಗೆ ಹೊಳೆಯುತ್ತಾ ತಿರುಗುತ್ತಿತ್ತು. ಆ ಇಡೀ ಶೆಡ್ಡಿನಲ್ಲಿ ನನಗೆ ಹೆದರಿಕೆಯಾಗದ ವಸ್ತು ಅದೊಂದೇ. "ನೀನೂ ಊದು ಮಗಾ" ಎಂದು ಅಪ್ಪ ಗಿಟಾರನ್ನು ನನ್ನ ಕಡೆ ಹೊರಳಿಸುತ್ತಿದ್ದ. ಸಂಜೆ ಅವನ ಹುಬ್ಬು, ರೆಪ್ಪೆ, ಮೂಗಿನ ಹೊಳ್ಳೆ ಎಲ್ಲ ಕಂದು ಬಣ್ಣವಾಗಿರುತ್ತಿದ್ದವು. ಅವನ ಅಂಗಿ ಕೊಡವುವ ಕೆಲಸ ನನ್ನದು. ಕೊಡವಿದರೂ ಹೋಗದೆ ಉಳಿದ ವಾಸನೆಗೆ ಮುಖವಿಟ್ಟು, ಅದೇ ಅಂಗಿಯನ್ನು ಅವುಚಿಕೊಂಡು ಮಲಗುತ್ತಿದ್ದೆ. ಪಕ್ಕದಲ್ಲಿ ಅಪ್ಪ ಕೆಮ್ಮುತ್ತಿದ್ದ. ಅವ್ವ ಎದ್ದು ಮೆಣಸಿನ ಕಷಾಯ ಕೊಡುತ್ತಿದ್ದಳು. ಶೆಡ್ಡಿನವರೆಲ್ಲ ಹಾಗೆಯೇ ಕೆಮ್ಮುತ್ತಿದ್ದರು, ಯಾರೂ ಅದನ್ನು ದೊಡ್ಡದು ಮಾಡುತ್ತಿರಲಿಲ್ಲ.

ಒಂದು ಮಧ್ಯಾಹ್ನ ಮಿಷನ್ನಿನ ಸದ್ದು ಹಲಗೆಯ ನಡುವೆಯೇ ಕುಗ್ಗಿ ನಿಂತುಹೋಯಿತು. ಹಲಗೆ ಪೂರ್ತಿ ಸೀಳಿದ ಸದ್ದು ಹೇಗಿರುತ್ತದೆಂದು ನನಗೆ ಬಾಯಿಪಾಠವಾಗಿತ್ತು. ಇದು ಅದಲ್ಲ. ಬರೆಯುತ್ತಿದ್ದ ಸ್ಲೇಟು ಬಿಸಾಕಿ ಬರಿಗಾಲಲ್ಲಿ ಓಡಿದೆ. ಅವ್ವನೂ ಹಿಂದೆಯೇ ಓಡಿಬಂದಳು. ಅವಳೂ ಅಷ್ಟು ದಿನ ಆ ಸದ್ದಿಗೇ ಕಿವಿಯಿಟ್ಟಿದ್ದಳೆಂದು ನನಗೆ ಆಗಲೇ ತಿಳಿದಿದ್ದು. ಶೆಡ್ಡಿನ ಬಾಗಿಲಲ್ಲಿ ಅಪ್ಪ ಕೂತಿದ್ದ. ಮೈಯೆಲ್ಲ ಪುಡಿ, ಕಣ್ಣಲ್ಲಿ ನೀರು, ಎದೆ ಹಿಡಿದುಕೊಂಡು ಕೆಮ್ಮುತ್ತಿದ್ದ. ನನ್ನನ್ನು ನೋಡಿದ್ದೇ ಕೈ ಎತ್ತಿ ತೋರಿಸಿದ. ಕಿರುಬೆರಳು ಇರಲಿಲ್ಲ. ನಾನು ಕಿಟಾರನೆ ಕಿರುಚಿ ನೆಲಕ್ಕೆ ಕುಸಿದೆ.

"ಏ ಏ ಮಗಾ, ಐತೆ ನೋಡೇ, ಇಲ್ಲೇ ಐತೆ! ಕರೆಂಟ್ ಹೋತು ಅಷ್ಟೇ!"

"ಕೂಸಿಗೆ ಹಿಂಗಾ ಹೆದ್ರುಸದು? ಬುದ್ಧಿ ಐತೇನ್ರಿ ನಿಮಗೆ?" ಎಂದು ಅವ್ವ ಎಲ್ಲರೆದುರೇ ಬೈದಳು. ಬೈಯುತ್ತಲೇ ಅವನ ಕೈಯನ್ನು ತಿರುಗಿಸಿ ತಿರುಗಿಸಿ ತಾನೂ ನೋಡಿದಳು. ಮೂವರೂ ಬೆರಳು ನೋಡಿದೆವು. ಆ ಕೆಮ್ಮನ್ನು ಯಾರೂ ಕೇಳಿಸಿಕೊಳ್ಳಲಿಲ್ಲ.

ಕೆಲವು ವರ್ಷಗಳ ಮೇಲೆ ಬೇರೆ ಊರುಗಳಿಂದ ಅಗ್ಗದ ಗಿಟಾರುಗಳು ರಟ್ಟಿನ ಡಬ್ಬಿಗಳಲ್ಲಿ ಬರತೊಡಗಿದವು. ಶೆಡ್ಡು ನಿಂತಿತು. ಚಾಚಾ ಒಂದು ಚಳಿಗಾಲ ಕೆಮ್ಮುತ್ತಲೇ ಹೋದರು. ವಯಸ್ಸಾಗಿತ್ತು ಅಂದುಕೊಂಡೆವು. ಸಾಲು ಮನೆಗಳಿದ್ದ ಕಡೆ ಈಗ ಕಾಂಪ್ಲೆಕ್ಸ್ ಇದೆ, ಶೆಡ್ಡಿನ ಜಾಗದಲ್ಲಿ ಸ್ಕೂಟರು ನಿಲ್ಲಿಸುತ್ತಾರೆ. ಅವ್ವ ತೀರಿಕೊಂಡ ಮೇಲೆ ಅಪ್ಪನನ್ನು ದಾವಣಗೆರೆಗೆ, ನನ್ನ ಮನೆಗೆ ಕರೆತಂದೆ. ಹತ್ತೂ ಬೆರಳಿಟ್ಟುಕೊಂಡೇ ಬಂದ. ನನ್ನ ಹೆದರಿಕೆ ಮುಗಿಯಿತೆಂದು ನಾನು ಎಷ್ಟು ಹಗುರಾಗಿದ್ದೆ! ಆದರೆ ಅವನಿಗೆ ಮೆಟ್ಟಿಲು ಹತ್ತಲು ಆಗುತ್ತಿರಲಿಲ್ಲ. ಎರಡು ಮೆಟ್ಟಿಲಿಗೊಮ್ಮೆ ನಿಂತು ಗೋಡೆ ಹಿಡಿಯುತ್ತಿದ್ದ. ಡಾಕ್ಟರು ಎದೆಯ ಫೋಟೋವನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು.

"ಏನ್ ಕೆಲ್ಸ ಮಾಡ್ತಿದ್ರಿ ಯಜಮಾನ್ರೆ?"

"ಗಿಟಾರ್ ಮಾಡ್ತಿದ್ದೆ ಸಾರ್."

"ಮರದ ಪುಡಿ ಎಲ್ಲಾ ಒಳಗೆ ಹೋಗೈತೆ. ಮೂಗಿಗೆ ಬಟ್ಟೆ ಕಟ್ಕಳ್ತಿರ್ಲಿಲ್ವಾ?"

ಇದೆಂಥ ಪ್ರಶ್ನೆ ಎನ್ನುವಂತೆ ಅಪ್ಪ ನನ್ನ ಮುಖ ನೋಡಿದ. "ಬಟ್ಟೆ ಕಟ್ಕಂಡ್ರೆ ಊದೋದು ಹೆಂಗೆ ಸಾರ್?"

ಹಗ್ಗ ಕಂಡು ಹಾವೆಂದು ಹೆದರುವವರಿದ್ದಾರೆ. ನಾನು ಹಾವನ್ನೇ ಅವುಚಿಕೊಂಡು ಮಲಗಿದ್ದವಳು. ಅವತ್ತು ಹಿಡಿದ ಆ ವಾಸನೆಯ ಹೆದರಿಕೆ ಇವತ್ತಿಗೂ ಬಿಟ್ಟಿಲ್ಲ.

ಕೊನೆಯ ದಿನ ಆಸ್ಪತ್ರೆಯಲ್ಲಿ ಅಪ್ಪನ ಮೂಗು ಬಾಯಿಗೆ ಆಕ್ಸಿಜನ್ ಮಾಸ್ಕ್ ಹಾಕಿದ್ದರು. ಮಾತಾಡುವ ಹಾಗಿರಲಿಲ್ಲ. ಸಂಜೆಯ ಬಿಸಿಲು ಮಂಚದ ಮೇಲೆ ಬಿದ್ದಿತ್ತು. ಏನು ಮಾಡಬೇಕೆಂದು ತಿಳಿಯದೆ ಅವನ ಎರಡೂ ಕೈ ಹಿಡಿದು ಕೂತೆ. ಹಿಡಿದ ಮೇಲೆ ಹಳೆಯ ರೂಢಿ, ಎಣಿಸಿದೆ. ಒಂದು ಬೆರಳು ಕಡಿಮೆ ಇತ್ತು. ತಲೆಯೆತ್ತಿದರೆ ಮಾಸ್ಕಿನ ಮೇಲೆ ಅವನ ಕಣ್ಣುಗಳು ನನ್ನನ್ನೇ ನೋಡುತ್ತಿದ್ದವು, ನಾನು ಹೆದರುತ್ತೇನೋ ಇಲ್ಲವೋ ಎಂದು. ಹೆದರಿದ್ದೆ ಅಪ್ಪ, ಎಂದೂ ಅಷ್ಟು ಹೆದರಿರಲಿಲ್ಲ. ಆದರೂ ನಕ್ಕು, ಮಡಚಿದ ಕಿರುಬೆರಳನ್ನು ಎಳೆದು ಬಿಡಿಸಿದೆ. ಅವನು ಮತ್ತೆ ಮಡಚಿದ. ನಾನು ಮತ್ತೆ ಬಿಡಿಸಿದೆ. ಸ್ವಲ್ಪ ಹೊತ್ತಿನ ಮೇಲೆ ಇನ್ನೊಮ್ಮೆ ಮಡಚಿದ. ಅದನ್ನು ಬಿಡಿಸಿ ಕಾದೆ. ಬೆರಳು ನಾನು ಇಟ್ಟ ಹಾಗೆಯೇ ಇತ್ತು. ಮೊದಲಿನಿಂದ ಮತ್ತೆ ಎಣಿಸಿದೆ. ಹತ್ತೂ ಇದ್ದವು.